ಬಾಗಿಲಲ್ಲಿ ನಿಂತವನ ಹಕ್ಕು

ನಾಳೆ ಪರಲೋಕದಲ್ಲಿ ಮೂವರ ವಿರುದ್ಧ ಅಲ್ಲಾಹನು ತಾನೇ ವಾದಿಯಾಗಿ ನಿಲ್ಲುವನು. ಅವನ ಹೆಸರಿನಲ್ಲಿ ಮಾತು ಕೊಟ್ಟು ದ್ರೋಹ ಬಗೆದವನು ಒಬ್ಬ. ಸ್ವತಂತ್ರ ಮನುಷ್ಯನನ್ನು ಮಾರಿ ಅದರ ಹಣವನ್ನು ತಿಂದವನು ಇನ್ನೊಬ್ಬ. ಕೂಲಿಯವನಿಂದ ಪೂರ್ತಿ ಕೆಲಸ ಮಾಡಿಸಿಕೊಂಡು ಅವನ ಕೂಲಿಯನ್ನು ಹಿಡಿದಿಟ್ಟುಕೊಂಡವನು ಮೂರನೆಯವನು. ಇಮಾಮ್ ಬುಖಾರಿಯವರು(ರ) ವರದಿ ಮಾಡಿರುವ ಒಂದು ಹದೀಸ್ ಕುದ್ಸಿಯ ಸಾರವಿದು.

ಸಹೋದರ ಸಹೋದರಿಯರೇ, ಈ ಮಾತಿನ ತೂಕವನ್ನು ಸ್ವಲ್ಪ ಯೋಚಿಸಿ ನೋಡಿ. ಲೋಕದ ನ್ಯಾಯಾಲಯಗಳಲ್ಲಿ ಬಡವನು ವಕೀಲನನ್ನು ಹುಡುಕಬೇಕು, ಸಾಕ್ಷಿಗಳನ್ನು ಕರೆತರಬೇಕು, ವರ್ಷಗಟ್ಟಲೆ ಅಲೆಯಬೇಕು. ಆದರೆ ಆ ದಿನ ನ್ಯಾಯಾಧೀಶನೇ ಕೂಲಿಯವನ ಪರವಾಗಿ ವಾದಿಯಾಗುತ್ತಾನೆ. ಕೂಲಿ ಹಿಡಿದವನನ್ನು ನಿಲ್ಲಿಸಿರುವುದಾದರೂ ಎಲ್ಲಿ? ಮನುಷ್ಯನನ್ನು ಮಾರಿ ತಿಂದವನ ಮಗ್ಗುಲಲ್ಲಿ. ನಮ್ಮ ನಮಾಝ್ ಮತ್ತು ಉಪವಾಸಗಳಲ್ಲಿ ಆಗಿರುವ ಲೋಪವನ್ನು ಅಲ್ಲಾಹನು ತನ್ನ ಕರುಣೆಯಿಂದ ಮನ್ನಿಸಬಹುದು. ಆದರೆ ಹುಕೂಕುಲ್ ಇಬಾದ್, ಅಂದರೆ ಮನುಷ್ಯರ ಹಕ್ಕುಗಳನ್ನು ಆ ಮನುಷ್ಯರಿಗೇ ತೀರಿಸಬೇಕೆಂದು ನಮ್ಮ ಉಲಮಾಗಳು ಮತ್ತೆ ಮತ್ತೆ ಎಚ್ಚರಿಸಿದ್ದಾರೆ.

ಹಿಂದೆ ಕೂಲಿ ಕೊಡಬೇಕಾದವನು ಯಾರೆಂದು ಊರಿಗೆಲ್ಲ ತಿಳಿದಿತ್ತು. ರೀಲಿಂಗ್ ಘಟಕದ ಸಾಹುಕಾರ, ಗದ್ದೆಯ ಒಡೆಯ, ಗುತ್ತಿಗೆದಾರ. ಅವನ ಮುಖ ಕಣ್ಣಿಗೆ ಕಾಣುತ್ತಿತ್ತು, ಅವನ ಮನೆಯ ಬಾಗಿಲು ಗೊತ್ತಿತ್ತು. ಇಂದು ನಮ್ಮ ಸಾವಿರಾರು ಯುವಕರು ಮುಖವೇ ಕಾಣದ ಒಡೆಯನ ಕೈಕೆಳಗೆ ದುಡಿಯುತ್ತಿದ್ದಾರೆ. ಮೊಬೈಲ್ ಫೋನಿನ ಆ್ಯಪ್ ಅವರಿಗೆ ಕೆಲಸ ಕೊಡುತ್ತದೆ, ಕೂಲಿಯನ್ನು ಲೆಕ್ಕ ಹಾಕುತ್ತದೆ, ಒಂದು ದಿನ ಬೆಳಗಾಗುವಷ್ಟರಲ್ಲಿ ಐಡಿ ಬ್ಲಾಕ್ ಮಾಡಿ ಹೊರಗೂ ಹಾಕುತ್ತದೆ. ಹಾಗಾದರೆ ಆ ಹದೀಸಿನ ಮೂರನೆಯ ಮನುಷ್ಯ ಇಂದು ಯಾರು? ಈ ಪ್ರಶ್ನೆಗೆ ಉತ್ತರ ಹುಡುಕುವುದು ಪ್ರತಿಯೊಂದು ಮುಸ್ಲಿಮ್ ಮನೆಯ ಕರ್ತವ್ಯವಾಗಿದೆ. ಏಕೆಂದರೆ ದುಡಿಯುವ ಹುಡುಗನೂ ನಮ್ಮ ಮನೆಯವನೇ, ಆರ್ಡರ್ ಮಾಡಿ ಬಾಗಿಲು ತೆರೆಯುವವರೂ ನಾವೇ.

ನಮ್ಮ ಊರುಗಳ ಹೊಸ ಕೂಲಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಇವು ಕೈಕೆಲಸದ ಊರುಗಳು. 2007ರಲ್ಲಿ ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದ ಈ ಸೀಮೆಯಲ್ಲಿ ನಮ್ಮ ಅಜ್ಜಂದಿರು, ತಂದೆಯರು ರೇಷ್ಮೆ ನೂಲು ತೆಗೆದರು, ಬಣ್ಣದ ಆಟಿಕೆಗಳನ್ನು ಕಡೆದರು. ಬಿಸಿನೀರಿನ ಬೇಸಿನ್ನಿನಲ್ಲಿ ಬೆರಳು ಬೆಂದರೂ ಸಂಜೆಗೆ ಇಷ್ಟು ಕೂಲಿ ಎಂಬುದು ರೀಲಿಂಗ್ ಕೆಲಸದವನಿಗೆ ಗೊತ್ತಿತ್ತು. ಆಟಿಕೆ ಕಡೆಯುವವನು ಪೀಸ್ ಲೆಕ್ಕದಲ್ಲಿ ದುಡಿದರೂ ತನ್ನ ಮುಂದಿರುವ ಪೀಸುಗಳನ್ನು ತಾನೇ ಎಣಿಸಬಲ್ಲವನಾಗಿದ್ದ.

ಅವರ ಮೊಮ್ಮಕ್ಕಳಲ್ಲಿ ಅನೇಕರು ಇಂದು ಬೆನ್ನಿಗೆ ಚೀಲ ಕಟ್ಟಿಕೊಂಡು ಬೈಕಿನಲ್ಲಿ ಓಡುತ್ತಿದ್ದಾರೆ. ಕೆಲವರು ಊರಿನಲ್ಲೇ ದುಡಿಯುತ್ತಾರೆ. ಇನ್ನು ಕೆಲವರು ಬೆಂಗಳೂರಿನ ಕಡೆಗೆ ಹೊರಡುತ್ತಾರೆ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕುಗಳಿಗೆ ಪ್ರವೇಶವಿಲ್ಲ. ಆದ್ದರಿಂದ ಆ ದಾರಿ ಹಿಡಿದವರು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು, ಊಟದ ಹೊತ್ತಿನ ಮತ್ತು ರಾತ್ರಿಯ ಆರ್ಡರುಗಳನ್ನು ಮುಗಿಸಿ ಅದೇ ದಾರಿಯಲ್ಲಿ ಹಿಂದಿರುಗಬೇಕು. ಬೈಕು ಅವನದು, ಅದರ ಸಾಲದ ಕಂತು ಅವನದು, ಪೆಟ್ರೋಲು ಅವನದು, ಮೊಬೈಲು ಅವನದು, ಬಿದ್ದರೆ ಮುರಿಯುವ ಕಾಲೂ ಅವನದೇ.

ಇದು ಬೆರಳೆಣಿಕೆಯ ಜನರ ಮಾತಲ್ಲ. ಸರಕಾರದ ನೀತಿ ಆಯೋಗವು 2022ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2020-21ರಲ್ಲಿ ದೇಶದಲ್ಲಿ ಇಂಥ ಗಿಗ್ ಕಾರ್ಮಿಕರು ಸುಮಾರು 77 ಲಕ್ಷ ಮಂದಿ ಇದ್ದರು. 2029-30ರ ಹೊತ್ತಿಗೆ ಅವರ ಸಂಖ್ಯೆ 2.35 ಕೋಟಿಗೆ ಏರಬಹುದೆಂದು ಅದೇ ವರದಿ ಅಂದಾಜು ಮಾಡಿದೆ.

ಹೆಸರು ಪಾಲುದಾರ, ಬಾಳು ಕೂಲಿ

ಕಂಪೆನಿಗಳು ಈ ಹುಡುಗನನ್ನು ಕಾರ್ಮಿಕ ಎಂದು ಕರೆಯುವುದಿಲ್ಲ. ಡೆಲಿವರಿ ಪಾರ್ಟ್‌ನರ್, ಅಂದರೆ ಪಾಲುದಾರ ಎಂದು ಕರೆಯುತ್ತವೆ. ಕೇಳಲು ಎಷ್ಟು ಚೆನ್ನಾಗಿದೆ! ಆದರೆ ಇಸ್ಲಾಮೀ ಫಿಕ್‌ಹಿನಲ್ಲಿ ಶಿರ್ಕತ್ ಎಂದರೆ ಏನು? ಲಾಭದಲ್ಲಿ ಯಾರಿಗೆ ಎಷ್ಟು ಪಾಲೆಂಬುದು ಮೊದಲೇ ನಿಶ್ಚಯವಾಗಿರಬೇಕು, ಲೆಕ್ಕದ ಪುಸ್ತಕ ಎಲ್ಲ ಪಾಲುದಾರರಿಗೂ ತೆರೆದಿರಬೇಕು. ಈ ಹುಡುಗನಿಗೆ ಲಾಭದಲ್ಲಿ ಪಾಲಿಲ್ಲ, ಲೆಕ್ಕವನ್ನು ಕೇಳುವ ಅಧಿಕಾರವಿಲ್ಲ. ಹೀಗಿರುವಾಗ ಅವನನ್ನು ಪಾಲುದಾರನೆಂದು ಕರೆದ ಮಾತ್ರಕ್ಕೆ ಹೊಣೆ ಕಳಚಿಕೊಳ್ಳುವುದೇ? ಒಪ್ಪಂದಗಳಲ್ಲಿ ಪದಗಳಿಗಿಂತ ಅವುಗಳ ಅರ್ಥ ಮತ್ತು ಉದ್ದೇಶವೇ ಮುಖ್ಯ ಎಂಬುದು ಹನಫೀ ಫಿಕ್‌ಹಿನ ಪ್ರಸಿದ್ಧ ನಿಯಮ.

ಹಾಗಾದರೆ ಅವನು ಕೂಲಿಗಾರ. ಎಂಥ ಕೂಲಿಗಾರ? ನಮ್ಮ ಫುಕಹಾಗಳು ಕೂಲಿಗಾರರನ್ನು ಎರಡು ಬಗೆಯಾಗಿ ವಿಂಗಡಿಸಿದ್ದಾರೆ. ಒಬ್ಬನು ಅಜೀರೆ ಖಾಸ್. ಒಂದು ದಿನಕ್ಕೋ ತಿಂಗಳಿಗೋ ತನ್ನ ಸಮಯವನ್ನು ಒಬ್ಬ ಒಡೆಯನಿಗೆ ಒಪ್ಪಿಸಿದವನು. ಅವನು ಕೆಲಸಕ್ಕೆ ಬಂದು ಸಿದ್ಧನಾಗಿ ನಿಂತನೆಂದರೆ ಅವನ ಕೂಲಿ ಸಲ್ಲಬೇಕು. ಗೂಡು ಬರಲಿಲ್ಲ, ಕರೆಂಟು ಹೋಯಿತು ಎಂಬ ಕಾರಣಕ್ಕೆ ಅವನ ದಿನ ವ್ಯರ್ಥವಾಗಬಾರದು. ಮತ್ತೊಬ್ಬನು ಅಜೀರೆ ಮುಶ್ತರಕ್. ದರ್ಜಿ, ಅಗಸ, ಬಣ್ಣ ಹಾಕುವವನು ಇಂಥವರು. ಇವನಿಗೆ ಕೆಲಸ ಮುಗಿಸಿಕೊಟ್ಟಾಗ ಮಾತ್ರ ಕೂಲಿ. ಆದರೆ ಇವನು ಸ್ವತಂತ್ರ. ತನ್ನ ದರವನ್ನು ತಾನೇ ಹೇಳುತ್ತಾನೆ, ತನಗೆ ಬೇಕಾದಾಗ ಅಂಗಡಿ ತೆರೆಯುತ್ತಾನೆ, ಒಲ್ಲದ ಕೆಲಸವನ್ನು ಒಲ್ಲೆನೆನ್ನುತ್ತಾನೆ.

ಈಗ ಡೆಲಿವರಿ ಹುಡುಗನನ್ನು ನೋಡಿ. ಕೂಲಿಯ ಮಾತು ಬಂದಾಗ ಅವನನ್ನು ದರ್ಜಿಯಂತೆ ನಡೆಸಿಕೊಳ್ಳಲಾಗುತ್ತದೆ: ಆರ್ಡರ್ ಇದ್ದರೆ ದುಡ್ಡು, ಹೋಟೆಲಿನ ಮುಂದೆ ಅರ್ಧ ಗಂಟೆ ಬಿಸಿಲಿನಲ್ಲಿ ಕಾದರೆ ಆ ಸಮಯಕ್ಕೆ ಬೆಲೆಯಿಲ್ಲ. ವಿಧೇಯತೆಯ ಮಾತು ಬಂದಾಗ ಮಾತ್ರ ಅವನು ದಿನಗೂಲಿಯವನು: ಇಂತಿಷ್ಟು ಗಂಟೆ ಲಾಗಿನ್ ಆಗಿರಬೇಕು, ಆರ್ಡರುಗಳನ್ನು ನಿರಾಕರಿಸಿದರೆ ಇನ್ಸೆಂಟಿವ್ ಕೈತಪ್ಪುತ್ತದೆ, ದರವನ್ನು ಅವರು ಹೇಳಿದಂತೆ ಒಪ್ಪಬೇಕು. ಎರಡು ಬಗೆಯ ಒಪ್ಪಂದಗಳಲ್ಲೂ ಒಡೆಯನಿಗೆ ಅನುಕೂಲವಾದುದನ್ನು ಆಯ್ದುಕೊಂಡು, ಕೂಲಿಯವನಿಗೆ ಅನುಕೂಲವಾದುದನ್ನು ಬಿಟ್ಟಿರುವ ವ್ಯವಸ್ಥೆಯಿದು. ಇದು ಫತ್ವಾ ಅಲ್ಲ. ಫತ್ವಾ ನೀಡುವುದು ಮುಫ್ತಿಗಳ ಕೆಲಸ. ಆದರೆ ಅನ್ಯಾಯ ಎಲ್ಲಿ ಅಡಗಿದೆಯೆಂಬುದನ್ನು ಗುರುತಿಸಲು ಇಷ್ಟು ಫಿಕ್‌ಹ್ ಸಾಕು.

ಕಾಣದ ತಕ್ಕಡಿ

ಪವಿತ್ರ ಕುರ್‌ಆನಿನ ಮುತಫ್ಫಿಫೀನ್ ಅಧ್ಯಾಯವು ತಕ್ಕಡಿಯಲ್ಲಿ ಮೋಸ ಮಾಡುವವರ ವಿನಾಶದ ಎಚ್ಚರಿಕೆಯೊಂದಿಗೆ ಆರಂಭವಾಗುತ್ತದೆ. ಜನರಿಂದ ಪಡೆಯುವಾಗ ಪೂರ್ತಿ ಅಳೆದುಕೊಳ್ಳುವ, ಜನರಿಗೆ ಕೊಡುವಾಗ ಕಡಿಮೆ ಮಾಡುವ ಮಂದಿ ಅವರು. ಇದು ಅಕ್ಕಿ, ಬೇಳೆಯ ತಕ್ಕಡಿಗೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸಬಾರದು. ದುಡಿಮೆಯನ್ನು ಅಳೆಯುವುದಕ್ಕೂ ಒಂದು ತಕ್ಕಡಿಯಿದೆ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅಲ್ಲಿ ರೈತನ ಗೂಡು ಎಲ್ಲರ ಕಣ್ಣೆದುರು ಹರಡಿರುತ್ತದೆ, ಹರಾಜು ನಡೆಯುತ್ತದೆ, ಬಂದ ಬೆಲೆ ರೈತನಿಗೆ ತಿಳಿಯುತ್ತದೆ, ಆ ಬೆಲೆ ಒಪ್ಪಿಗೆಯಾಗದಿದ್ದರೆ ಅವನು ಒಲ್ಲೆನೆನ್ನಬಹುದು. ಅಲ್ಲಿ ಕೊರತೆಗಳೇ ಇಲ್ಲವೆಂದಲ್ಲ. ಆದರೆ ತಕ್ಕಡಿ ಕಣ್ಣಿಗೆ ಕಾಣುತ್ತದೆ. ಆ್ಯಪಿನ ತಕ್ಕಡಿ ಕಾಣುವುದಿಲ್ಲ. ಒಂದು ಆರ್ಡರಿಗೆ ಎಷ್ಟು ಎಂಬುದೇನೋ ಪರದೆಯ ಮೇಲೆ ಬರುತ್ತದೆ. ಅದು ಯಾವ ಲೆಕ್ಕದಿಂದ ಬಂತು, ಕಳೆದ ವಾರಕ್ಕಿಂತ ಈ ವಾರ ಏಕೆ ಕಡಿಮೆಯಾಯಿತು, ಕೊನೆಯ ಎರಡು ಆರ್ಡರುಗಳು ಸಿಗದೆ ಇನ್ಸೆಂಟಿವ್ ಏಕೆ ತಪ್ಪಿತು ಎಂದು ಕೇಳಿದರೆ ಉತ್ತರಿಸುವ ಮನುಷ್ಯನೇ ಸಿಗುವುದಿಲ್ಲ.

ಇದಕ್ಕೆ ಪ್ರತಿಯಾಗಿ ಕುರ್‌ಆನ್ ನಮ್ಮ ಮುಂದಿಡುವ ಮಾದರಿಯನ್ನು ನೋಡಿ. ಪ್ರವಾದಿ ಮೂಸಾ(ಅ) ಊರು ಬಿಟ್ಟು, ನೆಲೆಯಿಲ್ಲದೆ ಮದ್‌ಯನ್ ತಲುಪಿದ ಯುವಕರಾಗಿದ್ದರು. ಅವರನ್ನು ಕೆಲಸಕ್ಕಿಟ್ಟುಕೊಂಡ ಹಿರಿಯರು ಆ ಅಸಹಾಯಕತೆಯ ಲಾಭ ಪಡೆಯಲಿಲ್ಲ. ಎಂಟು ವರ್ಷದ ದುಡಿಮೆ, ಹತ್ತು ಪೂರೈಸಿದರೆ ಅದು ಮೂಸಾರ(ಅ) ಔದಾರ್ಯ. ತಾನು ಕಷ್ಟ ಕೊಡಬಯಸುವುದಿಲ್ಲ ಎಂದು ಮೊದಲೇ ಬಿಚ್ಚಿ ಹೇಳಿದರು. ಮೂಸಾ(ಅ) ಸಹ ಎರಡರಲ್ಲಿ ಯಾವ ಅವಧಿಯನ್ನು ಪೂರೈಸಿದರೂ ತನ್ನ ಮೇಲೆ ಅತಿರೇಕವಾಗಬಾರದೆಂದು ತಮ್ಮ ಶರತ್ತನ್ನು ಮುಂದಿಟ್ಟು, ಅಲ್ಲಾಹನನ್ನು ಸಾಕ್ಷಿಯಾಗಿಸಿದರು. ಅಲ್ ಕಸಸ್ ಅಧ್ಯಾಯದಲ್ಲಿ ಬರುವ ಈ ಪ್ರಸಂಗದಲ್ಲಿ ಕೂಲಿಯ ಒಪ್ಪಂದ ಹೇಗಿರಬೇಕೆಂಬ ಪಾಠವಿದೆ. ಷರತ್ತು ಸ್ಪಷ್ಟವಾಗಿರಬೇಕು, ಹೊರೆ ಮಿತಿಯಲ್ಲಿರಬೇಕು, ಮಾತನಾಡುವ ಹಕ್ಕು ಇಬ್ಬರಿಗೂ ಇರಬೇಕು.

ಬೆರಳು ತೋರಿಸುವ ಮುನ್ನ

ಇಷ್ಟನ್ನು ಓದಿ, ತಪ್ಪೆಲ್ಲ ದೊಡ್ಡ ಕಂಪೆನಿಗಳದೇ ಎಂದು ನಿಟ್ಟುಸಿರು ಬಿಟ್ಟು ಪುಟ ಮಗುಚಿದರೆ ಪ್ರಯೋಜನವಿಲ್ಲ. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆ ಭಾರತದ ರೇಷ್ಮೆ ಉದ್ಯಮದಲ್ಲಿ ಜೀತಕ್ಕಿದ್ದ ಮಕ್ಕಳ ಬಗ್ಗೆ ವರದಿಯೊಂದನ್ನು ಪ್ರಕಟಿಸಿತು. ಅದರಲ್ಲಿ ನಮ್ಮ ರಾಜ್ಯದ ರೇಷ್ಮೆ ಊರುಗಳ ಕಥೆಯೂ ಇತ್ತು. ತಂದೆತಾಯಿ ಪಡೆದ ಮುಂಗಡದ ಸಾಲಕ್ಕೆ ಮಗು ನೂಲಿನ ಯಂತ್ರದ ಮುಂದೆ ನಿಲ್ಲುತ್ತಿತ್ತು. ದುಡಿದಷ್ಟೂ ಸಾಲ ತೀರುತ್ತಿರಲಿಲ್ಲ. ಜೀತಪದ್ಧತಿಯನ್ನು ರದ್ದುಪಡಿಸುವ ಕಾಯಿದೆ 1976ರಲ್ಲೇ ಬಂದಿತ್ತು. ಹಾಗಿದ್ದೂ ಇದು ನಡೆಯಿತು. ನೂಲು ತೆಗೆಯುವ ಉದ್ಯಮದಲ್ಲಿ ನಮ್ಮವರೂ ಇದ್ದರು, ಆ ಮಕ್ಕಳಲ್ಲಿಯೂ ನಮ್ಮವರಿದ್ದರು. ಸ್ವತಂತ್ರ ಮನುಷ್ಯನನ್ನು ಮಾರಿದವನೂ ಕೂಲಿ ಕೊಡದವನೂ ಒಂದೇ ಹದೀಸಿನಲ್ಲಿ ಬಂದಿರುವುದೇಕೆ ಎಂಬುದು ಇಲ್ಲಿ ತಿಳಿಯುತ್ತದೆ. ದುಡಿದವನ ಹಕ್ಕನ್ನು ತಿನ್ನುತ್ತ ಹೋದರೆ ಮನುಷ್ಯನನ್ನೇ ತಿಂದಂತೆ.

ಆ ಮಕ್ಕಳ ಪರ ಊರು ಬಹಳ ಕಾಲ ಮಾತನಾಡಲಿಲ್ಲ. ಅವರ ತಮ್ಮಂದಿರು, ಮಕ್ಕಳು ಇಂದು ಬೈಕಿನ ಮೇಲಿದ್ದಾರೆ. ಈ ಬಾರಿಯೂ ಊರು ಸುಮ್ಮನಿರಬೇಕೇ?

ಒಂದಾಗಿ ನಿಲ್ಲುವುದು ಸುನ್ನತ್

ಸಂಘ, ಯೂನಿಯನ್ ಎಂದರೆ ಗಲಾಟೆ, ಅದರಿಂದ ದೂರವಿರುವುದೇ ದೀನ್‌ದಾರಿ ಎಂದು ನಮ್ಮಲ್ಲಿ ಕೆಲವು ಹಿರಿಯರು ಭಾವಿಸಿದ್ದಾರೆ. ಅವರು ಪ್ರವಾದಿವರ್ಯರ(ಸ) ಯೌವನದ ಒಂದು ಘಟನೆಯನ್ನು ನೆನಪಿಸಿಕೊಳ್ಳಲಿ.

ಯಮನಿನ ಝಬೀದ್‌ನಿಂದ ಬಂದ ವ್ಯಾಪಾರಿಯೊಬ್ಬನು ಮಕ್ಕಾದ ಪ್ರಮುಖನಾದ ಆಸ್ ಬಿನ್ ವಾಇಲ್‌ನಿಗೆ ಸರಕು ಮಾರಿದನು. ಸರಕು ಪಡೆದವನು ಹಣ ಕೊಡಲಿಲ್ಲ. ಪರದೇಶಿಗೆ ಅಲ್ಲಿ ಕುಲವಿಲ್ಲ, ಬಂಧುಗಳಿಲ್ಲ. ಅವನು ಅಬೂ ಕುಬೈಸ್ ಬೆಟ್ಟವನ್ನೇರಿ ಊರಿಗೆಲ್ಲ ಕೇಳುವಂತೆ ತನ್ನ ಅಳಲನ್ನು ಕೂಗಿ ಹೇಳಿದನು. ಆಗ ಮಕ್ಕಾದ ಕೆಲವು ಮನೆತನದವರು ಅಬ್ದುಲ್ಲಾ ಬಿನ್ ಜುದ್‌ಆನ್‌ನ ಮನೆಯಲ್ಲಿ ಸೇರಿ, ಅನ್ಯಾಯಕ್ಕೊಳಗಾದವನು ಯಾರೇ ಆಗಿರಲಿ, ಅವನ ಹಕ್ಕು ಸಿಗುವ ತನಕ ಒಂದೇ ಕೈಯಾಗಿ ನಿಲ್ಲುವೆವೆಂದು ಪ್ರತಿಜ್ಞೆ ಮಾಡಿದರು. ವ್ಯಾಪಾರಿಯ ಹಕ್ಕು ಅವನಿಗೆ ಮರಳಿತು. ಇದೇ ಹಿಲ್ಫುಲ್ ಫುಝೂಲ್. ಪ್ರವಾದಿವರ್ಯರು(ಸ) ಆ ಸಭೆಯಲ್ಲಿ ಇದ್ದರು. ಪ್ರವಾದಿತ್ವ ಲಭಿಸಿದ ನಂತರವೂ ಅವರು ಅದನ್ನು ಅಭಿಮಾನದಿಂದ ನೆನೆದರು. ಅಂಥ ಕರೆ ಮತ್ತೆ ಬಂದರೆ ಓಗೊಡುವುದಾಗಿ ತಿಳಿಸಿದರು.

ಗಮನಿಸಿ, ಆ ಸಭೆಯಲ್ಲಿ ಸೇರಿದವರು ಮುಸ್ಲಿಮರಾಗಿರಲಿಲ್ಲ. ಆಗ ಇಸ್ಲಾಮಿನ ಕರೆಯೇ ಮೊಳಗಿರಲಿಲ್ಲ. ಹಕ್ಕಿಗಾಗಿ ನಿಲ್ಲುವಾಗ ಪ್ರವಾದಿವರ್ಯರು(ಸ) ಕುಲ, ಪಂಥಗಳನ್ನು ಕೇಳಲಿಲ್ಲ. ಆದ್ದರಿಂದ ನಮ್ಮ ಹುಡುಗರು ತಮ್ಮೊಂದಿಗೆ ಹೋಟೆಲಿನ ಮುಂದೆ ಕಾಯುವ ಹಿಂದೂ, ಕ್ರೈಸ್ತ ಸಂಗಾತಿಗಳೊಡನೆ ಕೂಡಿ ಸಂಘ ಕಟ್ಟುವುದರಲ್ಲಿ ದೀನಿಗೆ ವಿರುದ್ಧವಾದುದೇನೂ ಇಲ್ಲ. ದೇಶದ ಸಂವಿಧಾನವೂ 19ನೆಯ ವಿಧಿಯಲ್ಲಿ ಸಂಘ ಕಟ್ಟುವ ಹಕ್ಕನ್ನು ಕೊಟ್ಟಿದೆ.

ಒಗ್ಗಟ್ಟಿನಿಂದ ಏನಾಯಿತೆಂಬುದನ್ನು ನಾವು ಕಂಡಿದ್ದೇವೆ. ಒಬ್ಬೊಬ್ಬನೇ ಅತ್ತಾಗ ಕೇಳದಿದ್ದುದು, ಸಂಘಗಳು ವರ್ಷಗಟ್ಟಲೆ ಕೇಳಿಕೊಂಡ ನಂತರ ಕಾನೂನಾಯಿತು. 2023ರಲ್ಲಿ ರಾಜಸ್ಥಾನ ಮೊದಲ ಕಾಯಿದೆ ಮಾಡಿತು. ಕರ್ನಾಟಕದಲ್ಲಿ 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಬಂತು, ಆಗಸ್ಟ್‌ನಲ್ಲಿ ವಿಧಾನಮಂಡಲ ಮಸೂದೆಯನ್ನು ಅಂಗೀಕರಿಸಿತು. ಇದರಂತೆ ಗಿಗ್ ಕಾರ್ಮಿಕರಿಗೆ ಕಲ್ಯಾಣ ಮಂಡಳಿಯಿದೆ. ಕಾರ್ಮಿಕನಿಗೆ ಸಲ್ಲುವ ಹಣದ ಮೇಲೆ ಶೇ. 1ರಿಂದ 5ರಷ್ಟು ಶುಲ್ಕವನ್ನು ಕಂಪೆನಿ ಮಂಡಳಿಯ ನಿಧಿಗೆ ತುಂಬಬೇಕು. ಕೆಲಸದಿಂದ ತೆಗೆಯುವ ಮುನ್ನ ಕಾರಣ ತಿಳಿಸಿ 14 ದಿನಗಳ ನೋಟೀಸು ಕೊಡಬೇಕು. ದೂರು ಕೇಳುವ ವ್ಯವಸ್ಥೆಯಿರಬೇಕು. ಕೆಲಸ, ಗಳಿಕೆ, ರೇಟಿಂಗ್‌ಗಳನ್ನು ನಿರ್ಧರಿಸುವ ಯಂತ್ರದ ಲೆಕ್ಕದ ಬಗ್ಗೆ ಕಾರ್ಮಿಕನಿಗೆ ತಿಳಿಸಬೇಕು. ಕಾಣದ ತಕ್ಕಡಿಯ ಮೇಲಿನ ಪರದೆ ಇದರಿಂದ ಸ್ವಲ್ಪ ಸರಿದಂತಾಗಿದೆ. ಆದರೂ ದಿನಕ್ಕೆ ಇಷ್ಟು ಕೂಲಿ ಸಿಕ್ಕೇ ಸಿಗಬೇಕೆಂಬ ಭರವಸೆ ಈ ಕಾಯಿದೆಯಲ್ಲಿಲ್ಲ.

2025ರ ಡಿಸೆಂಬರ್ 25 ಮತ್ತು 31ರಂದು ದೇಶದ ಹಲವೆಡೆ ಡೆಲಿವರಿ ಕಾರ್ಮಿಕರು ಮುಷ್ಕರ ಹೂಡಿದರು. 10 ನಿಮಿಷದಲ್ಲಿ ಸಾಮಾನು ತಲುಪಿಸುವ ಓಟ ನಿಲ್ಲಬೇಕೆಂಬುದು ಅವರ ಬೇಡಿಕೆಗಳಲ್ಲಿ ಒಂದು. 2026ರ ಜನವರಿಯಲ್ಲಿ ಕೇಂದ್ರ ಕಾರ್ಮಿಕ ಸಚಿವರು ಮಧ್ಯೆ ಪ್ರವೇಶಿಸಿದ ಮೇಲೆ ಬ್ಲಿಂಕಿಟ್ ಕಂಪೆನಿ 10 ನಿಮಿಷದ ಘೋಷಣೆಯನ್ನು ಕೈಬಿಟ್ಟಿತು. ಕೈಕೆಳಗಿನವರು ನಿಮ್ಮ ಸಹೋದರರು, ಅವರ ಶಕ್ತಿಗೆ ಮೀರಿದ ಹೊರೆ ಹೊರಿಸಬೇಡಿ, ಹೊರಿಸಿದರೆ ನೀವೂ ಕೈಗೂಡಿಸಿ ಎಂಬ ಆಶಯದ ಹದೀಸನ್ನು ಅಬೂ ಝರ್(ರ) ನಮಗೆ ತಲುಪಿಸಿದ್ದಾರೆ. ಹತ್ತು ನಿಮಿಷದ ಹೊರೆ ಯಾರ ಶಕ್ತಿಗೆ ತಕ್ಕದ್ದಾಗಿತ್ತು?

ದುಡಿಯುವ ತಮ್ಮಂದಿರಿಗೆ

ತಮ್ಮಂದಿರೇ, ನಿಮ್ಮ ಬೆವರು ಹಲಾಲ್ ಗಳಿಕೆಯ ಬೆವರು. ಅದಕ್ಕಾಗಿ ತಲೆ ತಗ್ಗಿಸಬೇಡಿ. ಆದರೆ ಹಕ್ಕು ಕೇಳುವವನ ಕೈ ಶುದ್ಧವಾಗಿರಬೇಕು. ಗಿರಾಕಿ ಕೊಟ್ಟ ನಗದು ನಿಮ್ಮಲ್ಲಿರುವ ಅಮಾನತ್. ತಲುಪಿಸದೆ ತಲುಪಿಸಿದೆನೆಂದು ಒತ್ತುವುದು ಸುಳ್ಳು ಸಾಕ್ಷಿ. ಇನ್ನೊಬ್ಬನ ಐಡಿಯಲ್ಲಿ ಓಡಾಡುವುದು ವಂಚನೆ. ನಾಳೆ ಅಪಘಾತವಾದರೆ ನಿಮ್ಮ ಹೆಸರೇ ಎಲ್ಲೂ ಇರುವುದಿಲ್ಲ. ಸಂಘ ಮುಷ್ಕರಕ್ಕೆ ಕರೆ ಕೊಟ್ಟರೆ ಒಪ್ಪಿಕೊಂಡ ಆರ್ಡರನ್ನು ಮುಗಿಸಿ ಬನ್ನಿ. ಹೊಟ್ಟೆಪಾಡಿಗೆ ಅಂದೂ ಬೈಕು ತೆಗೆದ ಸಂಗಾತಿಯ ಮೇಲೆ ಕೈ ಮಾಡಬೇಡಿ. ಸಿಗ್ನಲ್ ಹಾರಿ ಉಳಿಸುವ ಎರಡು ನಿಮಿಷಕ್ಕಿಂತ ನಿಮ್ಮ ತಾಯಿಗೆ ನೀವು ಮುಖ್ಯ.

ಇ-ಶ್ರಮ್‌ನಲ್ಲಿ ನೋಂದಾಯಿಸಿಕೊಳ್ಳಿ. 2023ರಲ್ಲಿ ಆರಂಭವಾದ ರಾಜ್ಯದ ಗಿಗ್ ಕಾರ್ಮಿಕರ ವಿಮಾ ಯೋಜನೆಯಲ್ಲಿ ಅಪಘಾತದಿಂದ ಮರಣ ಸಂಭವಿಸಿದರೆ ಕುಟುಂಬಕ್ಕೆ 4 ಲಕ್ಷ ರೂಪಾಯಿ ಸಲ್ಲುತ್ತದೆ; ಆಸ್ಪತ್ರೆಯ ಖರ್ಚಿಗೂ ಮಿತಿಗೊಳಪಟ್ಟು ನೆರವಿದೆ. ಒಂಟೆಯನ್ನು ಕಟ್ಟಿದ ನಂತರ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂಬ ಪ್ರವಾದಿ ಬೋಧನೆ ನಿಮಗೆ ತಿಳಿಯದ್ದಲ್ಲ.

ಬಾಗಿಲು ತೆರೆಯುವವರಿಗೆ

ಇನ್ನು ಮನೆಯೊಳಗಿರುವ ನಾವು. ಜುಮಾದ ಅಝಾನ್ ಕೇಳಿದಾಗ ವ್ಯಾಪಾರವನ್ನು ಬಿಟ್ಟು ಧಾವಿಸಲು ಕುರ್‌ಆನ್ ಆಜ್ಞಾಪಿಸಿದೆ. ಅದೇ ಹೊತ್ತು ಮಧ್ಯಾಹ್ನದ ಊಟದ ಆರ್ಡರುಗಳ ಹೊತ್ತು. ನಮ್ಮ ಮನೆಯ ಬಿರಿಯಾನಿಗಾಗಿ ಒಬ್ಬ ಸಹೋದರನ ಜುಮಾ ತಪ್ಪಿದರೆ ಆ ಊಟದ ರುಚಿ ಎಂಥದು? ರಮಝಾನಿನಲ್ಲಿ ಮಗ್ರಿಬ್ ಸಮಯಕ್ಕೆ ಸರಿಯಾಗಿ ಬಿಸಿ ಬಿಸಿ ಸಮೋಸ ಬೇಕೆಂದು ತರಿಸಿಕೊಂಡರೆ, ಅದನ್ನು ಹೊತ್ತು ತರುವ ಉಪವಾಸಿಗನು ರಸ್ತೆಯಲ್ಲಿ ಯಾವ ಖರ್ಜೂರದಿಂದ ಇಫ್ತಾರ್ ಮಾಡಬೇಕು? ಸ್ವಲ್ಪ ಮೊದಲೇ ತರಿಸಿಕೊಳ್ಳಿ ಅಥವಾ ಮನೆಯಲ್ಲೇ ಮಾಡಿಕೊಳ್ಳಿ.

ವಿಳಾಸವನ್ನು ಸರಿಯಾಗಿ ಬರೆಯಿರಿ. ಫೋನ್ ಎತ್ತಿಕೊಳ್ಳಿ. ಮಳೆಯಲ್ಲಿ ತಡವಾಗಿ ಬಂದವನಿಗೆ ಕೋಪದಿಂದ ಒಂದು ಸ್ಟಾರ್ ಒತ್ತುವ ಮುನ್ನ, ಆ ಒಂದು ಬೆರಳಿನ ಒತ್ತು ಅವನ ಅನ್ನಕ್ಕೆ ಏನು ಮಾಡಬಲ್ಲುದೆಂದು ಯೋಚಿಸಿ. ಅದೂ ಒಂದು ಸಾಕ್ಷಿ, ಅದಕ್ಕೂ ಲೆಕ್ಕವಿದೆ. ಬಾಗಿಲಲ್ಲಿ ನಿಂತವನನ್ನು ಬಾ ತಮ್ಮಾ ಎಂದು ಕರೆದು ಒಂದು ಲೋಟ ನೀರು ಕೊಡಿ. ಕೊಡುವ ಸಾಮರ್ಥ್ಯವಿದ್ದರೆ ಹತ್ತು ರೂಪಾಯಿ ಕೈಯಲ್ಲಿಡಿ. ಆದರೆ ಟಿಪ್ಸ್ ಕೊಟ್ಟ ಮಾತ್ರಕ್ಕೆ ಹಕ್ಕು ತೀರಿತೆಂದು ಭಾವಿಸಬೇಡಿ. ಟಿಪ್ಸ್ ನಮ್ಮ ಔದಾರ್ಯ, ಕೂಲಿ ಅವನ ಹಕ್ಕು. ಸದಕಾ ಕೊಟ್ಟು ಹಕ್ಕನ್ನು ಮುಚ್ಚಲಾಗದು.

ಮಸೀದಿಗಳ ಆಡಳಿತ ಸಮಿತಿಗಳಿಗೂ ಇಲ್ಲಿ ಕೆಲಸವಿದೆ. ಜುಮಾದ ನಂತರ ಒಂದು ಮೇಜು ಹಾಕಿ, ಓದಿದ ಇಬ್ಬರು ಹುಡುಗರನ್ನು ಕೂರಿಸಿ ಇ-ಶ್ರಮ್ ಮತ್ತು ಮಂಡಳಿಯ ನೋಂದಣಿ ಮಾಡಿಸಬಹುದು. ರಸ್ತೆಬದಿಯ ಮಸೀದಿಯಲ್ಲಿ ಯಾವ ಧರ್ಮದ ಡೆಲಿವರಿ ಹುಡುಗನಿಗಾದರೂ ಕುಡಿಯುವ ನೀರು, ಶೌಚಾಲಯ, ಐದು ನಿಮಿಷದ ನೆರಳು ಸಿಗುವಂತಿರಲಿ. ಬೈತುಲ್‌ಮಾಲ್ ಇರುವಲ್ಲಿ ಬೈಕು ಕೊಳ್ಳುವ ಯುವಕನಿಗೆ ಬಡ್ಡಿಯಿಲ್ಲದ ಸಾಲ ಸಿಗಲಿ.

ಕಂಪೆನಿ ಹೋಟೆಲನ್ನು ತೋರಿಸಬಹುದು, ಹೋಟೆಲು ಕಂಪೆನಿಯನ್ನು ತೋರಿಸಬಹುದು, ಗಿರಾಕಿ ಇಬ್ಬರನ್ನೂ ತೋರಿಸಬಹುದು. ಇಹಲೋಕದಲ್ಲಿ ಹೀಗೆ ಬೆರಳು ತೋರಿಸಿ ತಪ್ಪಿಸಿಕೊಳ್ಳುವುದು ಸಾಧ್ಯ. ಆದರೆ ಅಲ್ಲಾಹನೇ ವಾದಿಯಾಗುವ ಆ ದಿನ ಯಾವ ಪರದೆಯೂ ಇರುವುದಿಲ್ಲ. ಒಬ್ಬನ ಹಕ್ಕನ್ನು ಎಷ್ಟು ಕೈಗಳು ಹಂಚಿಕೊಂಡು ತಿಂದವೋ ಅಷ್ಟು ಕೈಗಳಿಗೂ ಅವರವರ ಪಾಲಿನ ಲೆಕ್ಕವಿದೆ.

ಅಲ್ಲಾಹನೇ, ನಮ್ಮ ಮಕ್ಕಳ ದುಡಿಮೆಯಲ್ಲಿ ಬರಕತ್ ನೀಡು. ರಸ್ತೆಗಿಳಿದವರನ್ನು ಕ್ಷೇಮವಾಗಿ ಮನೆಗೆ ತಲುಪಿಸು. ಯಾರ ಕೂಲಿಯೂ ನಮ್ಮ ಕೊರಳಿಗೆ ಉಳಿಯದಂತೆ ನಮ್ಮನ್ನು ಕಾಪಾಡು. ಅನ್ಯಾಯಕ್ಕೊಳಗಾದವನು ಕರೆದಾಗ ಓಗೊಡುವ ಎದೆಗಾರಿಕೆಯನ್ನು ನಮಗೆ ದಯಪಾಲಿಸು. ಆಮೀನ್.